ಸೀರೆಹಾಸಿನ ಗುಡ್ಡ

ಅಳಿವೆಕೇರಿಗೆ ಈಗ ಬರುವವರು ಹೆಚ್ಚಾಗಿ ಡಾಲ್ಫಿನ್ ನೋಡಲು ಬರುತ್ತಾರೆ. ಮಳೆಗಾಲ ಮುಗಿದು ಕಡಲು ತಿಳಿಯಾದ ಮೇಲೆ, ಬೆಳಗಿನ ಹೊತ್ತು ಹೊಳೆಬಾಯಿಯ ದಕ್ಕೆಯಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಜನ ಸಾಲಾಗಿ ನಿಂತಿರುತ್ತಾರೆ. ದೋಣಿ ಹತ್ತುವ ಮೊದಲೇ ಮೊಬೈಲು ಎತ್ತಿ ಹಿಡಿದಿರುತ್ತಾರೆ. ನಮ್ಮ ಕಡಲಿನ ಡಾಲ್ಫಿನ್‌ಗಳು ಟಿವಿಯಲ್ಲಿ ಕಾಣುವಂತೆ ಮುಗಿಲಿಗೆ ಜಿಗಿದು ಪಲ್ಟಿ ಹೊಡೆಯುವ ಜಾತಿಯವಲ್ಲ. ಬೂದು ಬಣ್ಣದ ಗೂನುಬೆನ್ನನ್ನು ನಿಧಾನವಾಗಿ ನೀರ ಮೇಲೆ ತಂದು, ಒಮ್ಮೆ ಉಸಿರು ಬಿಟ್ಟು, ಮತ್ತೆ ಒಳಗೆ ಹೋಗುತ್ತವೆ, ಅಷ್ಟೇ. ಇಷ್ಟಕ್ಕೇ ಇಷ್ಟು ದೂರ ಬಂದೆವೇ ಎಂದು ಮುಖ ಸಣ್ಣದು ಮಾಡಿಕೊಂಡು ಇಳಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಉಸಿರಾಡಲು ಮೇಲೆ ಬಂದ ಜೀವ ನಮಗಾಗಿ ಕುಣಿಯಬೇಕೆಂದರೆ ಹೇಗೆ? ಸುಮ್ಮನೆ ಕೂತು ಕಿವಿಗೊಟ್ಟರೆ ಆ ಉಸಿರಿನ ಸದ್ದೂ ಕೇಳುತ್ತದೆ. ಆದರೆ ಸುಮ್ಮನೆ ಕೂರುವವರು ಕಡಿಮೆ.

ದೋಣಿ ಹೊಳೆಬಾಯಿ ದಾಟಿ ಬಲಕ್ಕೆ ತಿರುಗಿದರೆ ಕಡಲಿಗೆ ಮೂತಿ ಚಾಚಿದ ಗುಡ್ಡವೊಂದು ಎದುರಾಗುತ್ತದೆ. ಗುಡ್ಡದ ಪಡುವಣ ಮುಖವೆಲ್ಲ ಕಪ್ಪು ಕಲ್ಲು. ಆ ಕಪ್ಪಿನ ನಡುವೆ, ನೆತ್ತಿಯಿಂದ ಸ್ವಲ್ಪ ಕೆಳಗೆ, ಉದ್ದಕ್ಕೆ ಹರಡಿದ ಒಂದು ಕೆಂಪು ಪಟ್ಟೆ. ದೂರದಿಂದ ನೋಡಿದವರಿಗೆ ಯಾರೋ ಸೀರೆ ಒಗೆದು ಒಣಗಲು ಹಾಸಿ ಮರೆತು ಹೋಗಿದ್ದಾರೆ ಎನ್ನಿಸುತ್ತದೆ. ಕಲ್ಲಿನ ವಿಷಯ ಓದಿಕೊಂಡವರು ಬಂದು, ಅದು ಕಬ್ಬಿಣದ ಅಂಶವಿರುವ ಪದರ ಎಂದು ಹೇಳಿ ಹೋಗಿದ್ದಾರೆ. ಅವರು ಹೇಳಿದ್ದು ಸುಳ್ಳಿರಲಾರದು. ಆದರೂ ಆ ಗುಡ್ಡದ ಬುಡಕ್ಕೆ ಬಂದ ಕೂಡಲೇ ನಮ್ಮ ದೋಣಿಯವರು ಇಂಜಿನ್ ಆರಿಸಿ ಹುಟ್ಟು ಕೈಗೆ ತೆಗೆದುಕೊಳ್ಳುತ್ತಾರೆ, ಅಲ್ಲಿಂದ ಮುಂದೆ ಗಟ್ಟಿಯಾಗಿ ಮಾತಾಡುವುದಿಲ್ಲ. ಅದು ಸೀರೆಹಾಸಿನ ಗುಡ್ಡ. ಆ ಹೆಸರು ಬಂದ ಬಗೆಯನ್ನು ನನ್ನ ಅಜ್ಜಿಯ ಬಾಯಿಂದ ಕೇಳಿದಂತೆ ಇಲ್ಲಿ ಬರೆಯುತ್ತಿದ್ದೇನೆ. ಊರಿನಲ್ಲಿ ಬೇರೆ ಬಗೆಯಾಗಿ ಹೇಳುವವರೂ ಇದ್ದಾರೆ. ಅವರು ಬೇಕಾದರೆ ತಾವೇ ಬರೆದುಕೊಳ್ಳಲಿ.

ಕಡಲಹಂದಿ ಎಂಬುದು ಡಾಲ್ಫಿನ್ನಿಗೆ ನಮ್ಮವರು ಇಟ್ಟ ಹೆಸರು. ಆದರೆ ಅದು ಮನೆಯ ಮಾತು, ನೆಲದ ಮೇಲಿನ ಮಾತು. ಕಡಲಿಗಿಳಿದ ಮೇಲೆ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ‘ಅವರು ಬಂದರು’, ‘ಅವರು ಈ ಕಡೆ ಇದ್ದಾರೆ’ ಎಂದೇ ಹೇಳಬೇಕು. ಇದಕ್ಕೆ ಕಾರಣವುಂಟು. ಬಂಗಡೆಯ ಹಿಂಡನ್ನು ಆಳದಿಂದ ಅಟ್ಟಿಕೊಂಡು ದಡಕ್ಕೆ ತರುತ್ತಿದ್ದವರು ಅವರೇ. ಅವರು ಅಟ್ಟಿ ತಂದ ಹಿಂಡಿನ ಸುತ್ತ ನಮ್ಮವರು ದೊಡ್ಡ ಎಳೆಬಲೆ ಬಿಡುತ್ತಿದ್ದರು. ಬಲೆಯ ಒಂದು ತುದಿಯ ಹಗ್ಗ ದಡದಲ್ಲಿರುತ್ತಿತ್ತು. ದೋಣಿ ಬಲೆ ಇಳಿಸುತ್ತ ಕಡಲಿನಲ್ಲಿ ಬಳಸಿ ಬಂದು ಇನ್ನೊಂದು ತುದಿಯನ್ನು ದಡಕ್ಕೆ ಮುಟ್ಟಿಸುತ್ತಿತ್ತು. ಆಮೇಲೆ ಇಡೀ ಕೇರಿ, ಗಂಡಸರು ಹೆಂಗಸರೆನ್ನದೆ, ಎರಡೂ ಹಗ್ಗ ಹಿಡಿದು ಎಳೆಯುತ್ತಿತ್ತು. ಬಂದ ಮೀನಿನಲ್ಲಿ ಮೊದಲ ಬುಟ್ಟಿಯನ್ನು ಕಡಲಿಗೇ ಸುರಿಯುತ್ತಿದ್ದರು. ಅದು ಅವರ ಪಾಲು. ಅವರಲ್ಲಿ ಯಾರಾದರೂ ಬಲೆಯೊಳಗೆ ಸಿಕ್ಕಿಕೊಂಡರೆ ಮೀನು ಎಷ್ಟೇ ಇರಲಿ, ಹಗ್ಗ ಸಡಿಲಿಸಿ ಬಲೆ ತೆರೆದು ದಾರಿ ಬಿಡಬೇಕು. ಮೀನೂ ಅದೇ ದಾರಿಯಲ್ಲಿ ಹೋಗುತ್ತದೆ, ಹೋಗಲಿ. ಇದು ಕೇರಿಯ ಕಟ್ಟಳೆಯಾಗಿತ್ತು ಎನ್ನುತ್ತಾರೆ.

ಒಳಗೆ ಯಾರಿದ್ದಾರೆ ಎಂದು ದಡದಲ್ಲಿ ನಿಂತವರಿಗೂ ದೋಣಿಯಲ್ಲಿದ್ದವರಿಗೂ ತಿಳಿಯುವುದಿಲ್ಲ. ಬಿಸಿಲು ನೀರಿಗೆ ಬಿದ್ದು ಕಣ್ಣು ಕುಕ್ಕುತ್ತದೆ. ಮೀನು ಕುದಿಯುತ್ತಿರುವ ಬಲೆಯೊಳಗೆ ಏನು ಅಲುಗಿದರೂ ಮೀನೇ ಎನ್ನಿಸುತ್ತದೆ. ಗುಡ್ಡದ ಮೇಲಿನಿಂದ ಮಾತ್ರ ಕಾಣುತ್ತದೆ. ಅದಕ್ಕಾಗಿ ಗುಡ್ಡದ ಮೇಲೆ ಒಬ್ಬ ನೋಟಗಾರ ಕೂರುತ್ತಿದ್ದ. ಅವನ ಕೈಯಲ್ಲಿ ಒಂದು ಕೆಂಪು ವಸ್ತ್ರ. ಬಲಕ್ಕೆ ಬೀಸಿದರೆ ದೋಣಿ ಬಲಕ್ಕೆ, ಎಡಕ್ಕೆ ಬೀಸಿದರೆ ಎಡಕ್ಕೆ, ತಲೆಯ ಮೇಲೆ ಎತ್ತಿ ಹಿಡಿದರೆ ಎಳೆಯಿರಿ ಎಂದು ಅರ್ಥ. ವಸ್ತ್ರವನ್ನು ಬಂಡೆಯ ಮೇಲೆ ಹಾಸಿಬಿಟ್ಟರೆ ಮಾತ್ರ ಬಲೆಯ ಮಾತೇ ಇಲ್ಲ. ಬಿಟ್ಟಿದ್ದರೆ ತೆರೆಯಬೇಕು, ಬಿಡದಿದ್ದರೆ ಬಿಡಬಾರದು. ಹಾಸಿದವರು ಯಾರು ಎಂದು ಕೂಡ ಕೇಳಬಾರದು, ಹಾಸಿದ ವಸ್ತ್ರ ಕಂಡರೆ ಸಾಕು.

ಹಿಂದೆ ಒಮ್ಮೆ ಆ ಗುಡ್ಡದ ನೋಟ ಮಾಸ್ತಜ್ಜನೆಂಬವನ ಕೈಯಲ್ಲಿತ್ತು. ಎಷ್ಟು ತಲೆಮಾರಿನ ಹಿಂದೆ ಎಂದು ಕೇಳಿದರೆ ನನ್ನ ಅಜ್ಜಿ ಕೈ ಎತ್ತಿ ಕಡಲ ಕಡೆ ತೋರಿಸುತ್ತಿದ್ದಳು, ಅಷ್ಟು ದೂರ ಎಂಬಂತೆ. ಮಾಸ್ತಜ್ಜ ಹರೆಯದಲ್ಲಿ ಹತ್ತಿದ ಗುಡ್ಡವನ್ನು ತಲೆ ನೆರೆತರೂ ಬಿಟ್ಟಿರಲಿಲ್ಲ. ಅವನ ವಸ್ತ್ರ ಒಮ್ಮೆಯೂ ತಪ್ಪು ದಾರಿ ತೋರಿಸಿದ್ದಿಲ್ಲ. ಹೀಗಿರುವಾಗ ಅವನ ಕಣ್ಣು ಮಂಜಾಗತೊಡಗಿತು. ಮೊದಲು ದೋಣಿಗಳು ಮಸುಕಾದವು, ಆಮೇಲೆ ಕಡಲಿಗೂ ಆಕಾಶಕ್ಕೂ ನಡುವಿನ ಗೆರೆ ಹೋಯಿತು. ಕಣ್ಣು ಸೋತ ನೋಟಗಾರ ಗುಡ್ಡ ಇಳಿಯಬೇಕೆಂಬುದು ನಿಯಮ. ಮಾಸ್ತಜ್ಜ ಇಳಿಯಲಿಲ್ಲ. ಸೊಸೆ ದೇಮಿ ಗಂಜಿ ಕೊಡುವ ನೆಪದಲ್ಲಿ ಗುಡ್ಡ ಹತ್ತಿ ಅವನ ಮಗ್ಗುಲಲ್ಲಿ ಕೂತು ತಾನು ಕಂಡದ್ದನ್ನು ಮೆಲ್ಲಗೆ ಹೇಳುವಳು, ಅವನು ಅದರಂತೆ ವಸ್ತ್ರ ಬೀಸುವನು. ದೇಮಿಯ ಗಂಡ ಜಟ್ಟು ಬಲೆದೋಣಿಯ ತಾಂಡೇಲ, ಎಂದರೆ ದೋಣಿ ನಡೆಸುವ ಮುಖ್ಯಸ್ಥ. ಅವನಿಗೂ ಈ ಗುಟ್ಟು ಗೊತ್ತಿತ್ತು. ಮೂವರೂ ಬಾಯಿ ಬಿಡಲಿಲ್ಲ. ಮುದುಕನಿಂದ ಗುಡ್ಡವನ್ನು ಕಸಿದುಕೊಂಡರೆ ಅವನು ಉಳಿಯುವುದಿಲ್ಲ ಎಂದು ಅವರ ಎಣಿಕೆ. ದೇಮಿಯ ಕಣ್ಣು ಚುರುಕಾಗಿತ್ತು, ಅವಳ ಮಾತು ನಿಜವಾಗಿತ್ತು, ಹಾಗಾಗಿ ಕೆಲಸ ಸಾಗಿತು. ವಸ್ತ್ರ ಎತ್ತುವ ಮೊದಲು ಅವನು ಪ್ರತಿ ಸಲವೂ ಒಂದೇ ಮಾತು ಕೇಳುತ್ತಿದ್ದ, ಒಳಗೆ ಯಾರಾದರೂ ಇದ್ದಾರಾ ಎಂದು. ಅವಳು ನೋಡಿ ಹೇಳುತ್ತಿದ್ದಳು.

ಒಂದು ವರ್ಷ ಮಳೆ ನಿಲ್ಲಲೇ ಇಲ್ಲ. ದೋಣಿ ಇಳಿಸುವ ಕಾಲ ಬಂದರೂ ಕಡಲು ದಡ ಬಡಿಯುತ್ತಲೇ ಇತ್ತು. ಹೊಳೆಯಲ್ಲಿ ಕೆಂಪು ನೀರು ತುಂಬಿ ಹರಿದು, ಅಳಿವೆಯ ಉಸುಕಿನಲ್ಲಿ ಹೆಕ್ಕಿ ತಿನ್ನುವ ಬಳಚು ಕೂಡ ಸತ್ತುಹೋಯಿತು. ಚಿಪ್ಪು ಒಡೆದರೆ ಒಳಗೆ ಕೆಸರು. ಕೇರಿಯವರು ಕೆಸುವಿನ ಗೆಡ್ಡೆ ಬೇಯಿಸಿ ತಿಂದರು, ಅದೂ ಮುಗಿಯಿತು. ದೇಮಿಗೆ ಬೊಮ್ಮಿ ಎಂಬ ಮಗಳಿದ್ದಳು, ಇನ್ನೂ ಹಲ್ಲು ಬೀಳದ ವಯಸ್ಸಿನವಳು. ಜ್ವರ ಬಂದು ಬಿಟ್ಟ ಮೇಲೆ ಆ ಕೂಸು ಏಳಲಿಲ್ಲ. ಊಟ ಬೇಕೆಂದು ಅತ್ತಿದ್ದರೆ ತಾಯಿಗೆ ಅಷ್ಟು ಭಯವಾಗುತ್ತಿರಲಿಲ್ಲವೇನೋ. ಅವಳು ಕೇಳುವುದನ್ನೇ ಬಿಟ್ಟಿದ್ದಳು. ಚಾಪೆಯ ಮೇಲೆ ಮಲಗಿ ಮಾಡಿನ ಕಡೆ ನೋಡುತ್ತಿದ್ದಳು.

ಕಡೆಗೊಂದು ಬೆಳಗ್ಗೆ ಮೋಡ ಹರಿದು ಬಿಸಿಲು ಬಿತ್ತು. ದೇಮಿ ಗುಡ್ಡದ ಮೇಲಿನಿಂದ ನೋಡಿದಾಗ ಕಡಲಿನ ಬಣ್ಣವೇ ಒಂದು ಕಡೆ ಬೇರೆಯಾಗಿತ್ತು. ಅಷ್ಟು ದೊಡ್ಡ ಬಂಗಡೆ ಹಿಂಡನ್ನು ಅವಳು ಎಂದೂ ಕಂಡಿರಲಿಲ್ಲ. ಹಿಂಡಿನ ಹಿಂದೆ ಬೂದು ಬೆನ್ನುಗಳು ಏಳುತ್ತ ಮುಳುಗುತ್ತ ಬರುತ್ತಿದ್ದವು. ಅವಳು ಹೇಳಿದಳು, ಮಾಸ್ತಜ್ಜ ಬೀಸಿದ, ಜಟ್ಟುವಿನ ದೋಣಿ ಬಳಸಿ ಬಂತು. ಹಸಿದ ಕೇರಿಯೆಲ್ಲ ದಡಕ್ಕೆ ಬಂದು ಹಗ್ಗ ಹಿಡಿದು ಗುಡ್ಡದ ಕಡೆ ಮುಖ ಮಾಡಿ ನಿಂತಿತು. ಆಗ ದೇಮಿಗೆ ಕಂಡಿತು. ದೊಡ್ಡದೊಂದು ಬೆನ್ನು ಬಲೆಯ ಹೊರಗೆ ಅಂಚನ್ನೇ ಹಿಡಿದು ಆಚೆ ಈಚೆ ಓಡುತ್ತಿತ್ತು. ಬಲೆಯೊಳಗೆ, ಮೀನಿನ ಕುದಿತದ ನಡುವೆ, ಸಣ್ಣದೊಂದು ಬೆನ್ನು ಎದ್ದು ಮುಳುಗಿತು. ಮರಿ ಒಳಗಿತ್ತು, ತಾಯಿ ಹೊರಗಿತ್ತು.

“ಒಳ್ಗೆ ಯಾರಾದ್ರೂ ಇದ್ದಾರೇನೆ, ಮಗಾ?” ಎಂದು ಮಾಸ್ತಜ್ಜ ಕೇಳಿದ.

“ಯಾರೂ ಇಲ್ಲ, ಮಾವ. ಬರೀ ಬಂಗಡೆ,” ಎಂದಳು ದೇಮಿ.

ಅವನು ವಸ್ತ್ರ ಎತ್ತಲಿಲ್ಲ. ಹಿಂದೆಂದೂ ಮಾಡದಿದ್ದ ಕೆಲಸ ಮಾಡಿದ. ಅದೇ ಮಾತನ್ನು ಇನ್ನೊಮ್ಮೆ ಕೇಳಿದ. ಅವಳು ಅದೇ ಉತ್ತರವನ್ನು ಇನ್ನೊಮ್ಮೆ ಕೊಟ್ಟಳು. ಆಮೇಲೆ ಮಾಸ್ತಜ್ಜ ಏನೂ ಕೇಳದೆ ವಸ್ತ್ರವನ್ನು ತಲೆಯ ಮೇಲೆ ಎತ್ತಿ ಹಿಡಿದ. ಕೆಳಗೆ ಜನ ಕೂಗು ಹಾಕಿ ಹಗ್ಗ ಎಳೆಯತೊಡಗಿದರು.

ಬಲೆ ಉಸುಕಿಗೆ ಬಂದಾಗ ಮೀನಿನ ರಾಶಿಯ ಅಡಿಯಲ್ಲಿ ಮರಿ ಸತ್ತು ಬಿದ್ದಿತ್ತು. ಬಂಗಡೆಯ ಭಾರಕ್ಕೆ ಸಿಕ್ಕಿ ಮೇಲೆ ಬರಲಾಗದೆ ಉಸಿರು ಕಟ್ಟಿತ್ತು. ಕೇರಿಯವರ ಕೂಗು ನಿಂತಿತು. ಮಾಸ್ತಜ್ಜನನ್ನು ಕೈಹಿಡಿದು ಕೆಳಗಿಳಿಸಿಕೊಂಡು ಬಂದರು. ನೋಡಿ ಹೇಳಬೇಕಾದವನು ನೀನು, ಇದೇನು ಮಾಡಿದೆ ಎಂದು ಕೇಳಿದರು. ದೇಮಿ ಬಾಯಿ ತೆರೆಯುವ ಮೊದಲೇ ಅವನು, ತನ್ನ ಕಣ್ಣು ಹೋಗಿ ಬಹಳ ಕಾಲವಾಯಿತು, ಆಸೆಯಿಂದ ಬಚ್ಚಿಟ್ಟೆ, ತಪ್ಪೆಲ್ಲ ತನ್ನದು ಎಂದುಬಿಟ್ಟ. ಸೊಸೆಯ ಹೆಸರನ್ನೇ ಎತ್ತಲಿಲ್ಲ. ವಸ್ತ್ರವನ್ನು ಅವನ ಕೈಯಿಂದ ತೆಗೆದು ಕೇರಿಯ ದೈವ ಜಟಗನ ಗುಡಿಯಲ್ಲಿಟ್ಟರು. ಮರಿಗೆ ಕುಂಕುಮ ಹಚ್ಚಿ, ದೋಣಿಯಲ್ಲಿ ಒಯ್ದು, ತೆರೆಗಳ ಆಚೆ ನೀರಿಗೆ ಬಿಟ್ಟು ಬಂದರು. ಮೀನನ್ನು ಮಾತ್ರ ಹಂಚಿಕೊಂಡರು. ಹಸಿದವರು ಬೇರೇನು ಮಾಡಿಯಾರು?

ಬೊಮ್ಮಿ ಮೀನಿನ ಸಾರು ಕುಡಿದಳು. ಮಾರನೆಯ ದಿನ ಎದ್ದು ಕೂತಳು, ಅದರ ಮರುದಿನ ಅಂಗಳಕ್ಕೆ ಬಂದಳು. ಕೂಸಿನ ಕೆನ್ನೆಗೆ ಬಣ್ಣ ಬಂದದ್ದನ್ನು ಕಂಡು ದೇಮಿಗೆ ಸಂತೋಷಪಡಲೂ ಆಗಲಿಲ್ಲ, ಪಡದೆ ಇರಲೂ ಆಗಲಿಲ್ಲ. ಏಕೆಂದರೆ ಹೊಳೆಬಾಯಿಯ ಹೊರಗೆ ಆ ತಾಯಿ ಹೋಗದೆ ಉಳಿದುಕೊಂಡಿತ್ತು. ಸತ್ತ ಮರಿಯನ್ನು ಮೂತಿಯ ಮೇಲೆ ಎತ್ತಿ ನೀರಿನಿಂದ ಮೇಲಕ್ಕೆ ಹಿಡಿಯುತ್ತಿತ್ತು. ಹುಟ್ಟಿದ ಮರಿಗೆ ಮೊದಲ ಉಸಿರು ಕೊಡಿಸಲು ಅವು ಹಾಗೆಯೇ ಎತ್ತುತ್ತವೆ. ಜಾರಿದರೆ ಮುಳುಗಿ ಮತ್ತೆ ತರುತ್ತಿತ್ತು, ಮತ್ತೆ ಎತ್ತುತ್ತಿತ್ತು. ಅದರ ಜೊತೆಯವರೆಲ್ಲ ಹೊರಟುಹೋಗಿದ್ದರು. ಮಾಸ್ತಜ್ಜ ಮನೆಯ ಜಗುಲಿಯ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದ. ದಾರಿಯಲ್ಲಿ ಹೋಗುವವರು ಅವನನ್ನು ಮಾತಾಡಿಸುವುದನ್ನು ಬಿಟ್ಟಿದ್ದರು. ಸೊಸೆ ಗಂಜಿ ತಂದಿಟ್ಟಾಗ ಅವನು, ಅದು ಇನ್ನೂ ಅಲ್ಲೇ ಇದೆಯಾ ಎಂದು ಕೇಳುತ್ತಿದ್ದ. ಇದೆ ಎಂದು ಅವಳು ಹೇಳುತ್ತಿದ್ದಳು. ಅದರ ಹೊರತು ಅವರಿಬ್ಬರ ನಡುವೆ ಮಾತಿರಲಿಲ್ಲ.

ಗುಡ್ಡಕ್ಕೆ ಹಮ್ಮು ಎಂಬ ಹೊಸ ನೋಟಗಾರನನ್ನು ಕೂರಿಸಿದರು. ಕೆಲವು ದಿನಗಳಲ್ಲಿ ಇನ್ನೊಂದು ಹಿಂಡು ತಾನಾಗಿಯೇ ದಡದ ಹತ್ತಿರ ಬಂತು. ಮೊದಲ ಮೀನು ಅಷ್ಟರಲ್ಲಿ ಮುಗಿದಿತ್ತು. ಆದರೆ ಹಿಂಡಿನ ದಾರಿಯಲ್ಲೇ ಆ ತಾಯಿ ಮರಿಯನ್ನು ಹೊತ್ತುಕೊಂಡು ಸುತ್ತುತ್ತಿತ್ತು. ಹಮ್ಮುವಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಕೆಳಗೆ ದಡದಲ್ಲಿ, ಅದು ಹೇಗೂ ಬದಿಗೆ ಸರಿಯುತ್ತದೆ, ಬಲೆ ಬಿಡಿ ಎಂದು ಕೆಲವರು ಅವಸರ ಮಾಡಿದರು. ಜಟ್ಟು ದೋಣಿ ನೂಕಿಸಿದ. ಆ ಹೊತ್ತಿಗೆ ದೇಮಿ ಮನೆಯೊಳಗೆ ಹೋಗಿ ಪೆಟ್ಟಿಗೆಯಲ್ಲಿದ್ದ ತನ್ನ ಮದುವೆಯ ಕೆಂಪು ಧಾರೆಸೀರೆಯನ್ನು ತೆಗೆದುಕೊಂಡಳು. ಅವಳಲ್ಲಿದ್ದ ಒಳ್ಳೆಯ ಬಟ್ಟೆ ಅದೊಂದೇ. ಗುಡ್ಡ ಹತ್ತಿ, ಹಮ್ಮುವನ್ನು ದಾಟಿ ಮುಂದೆ ಹೋಗಿ, ಕಡಲಿಗೆ ಕಾಣುವ ಬಂಡೆಯ ಮೇಲೆ ಸೀರೆಯನ್ನು ಉದ್ದಕ್ಕೆ ಹಾಸಿದಳು. ಗಾಳಿಗೆ ಹಾರದಂತೆ ತಾನೇ ಅದರ ಅಂಚಿನ ಮೇಲೆ ಕೂತಳು.

ಹಾಸಿದ ಬಟ್ಟೆ ಕಂಡು ದೋಣಿ ನಿಂತಿತು. ಜನ ಸಿಟ್ಟಿನಿಂದ ಗುಡ್ಡ ಹತ್ತಿ ಬಂದರು. ಎಲ್ಲರಿಗಿಂತ ಮುಂದೆ ಬಂದವನು ಅವಳ ಗಂಡನೇ. ಮಾವ ಕೆಡಿಸಿದ್ದು ಸಾಲದೆಂದು ಸೊಸೆಯೂ ಹೊರಟಳೇ ಎಂದು ಯಾರೋ ಅಂದರು. ಹಾಗೆ ಅಂದದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಅವಳ ಬಾಯಿ ಕಟ್ಟಿಹೋಗುತ್ತಿತ್ತೇನೋ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು.

“ಮಾವ ಕೆಡಿಸ್ಲಿಲ್ಲ,” ಎಂದಳು ದೇಮಿ. “ಮರಿ ಒಳ್ಗಿತ್ತು. ನಾ ಕಂಡಿದ್ದೆ. ಕಂಡೂ ಇಲ್ಲ ಅಂದೆ. ನನ್ನ ಕೂಸು ಉಣ್ಲಿ ಅಂತ ಹೇಳ್ದೆ. ಇವತ್ತು ಅದು ಅಂಗಳದಲ್ಲಿ ಆಡ್ತಿದೆ. ಅಲ್ಲಿ ಆ ತಾಯಿ ನೋಡಿ.”

ಅಷ್ಟರಲ್ಲಿ ಬೊಮ್ಮಿ ಅಜ್ಜನ ಕೈ ಹಿಡಿದುಕೊಂಡು ಮೇಲೆ ಬಂದಳು. ಮುದುಕ ಏದುಸಿರು ಬಿಡುತ್ತ ಸೊಸೆಯ ದನಿ ಬಂದ ಕಡೆ ತಿರುಗಿ ನಿಂತ. ಅವಳೊಬ್ಬಳ ಮೇಲೆ ಹೊರಿಸಬೇಡಿ ಎಂದು ಜನರನ್ನು ಕೇಳಿಕೊಂಡ. ಆಮೇಲೆ ಅವನು ಆಡಿದ ಮಾತನ್ನು ನಮ್ಮ ಕೇರಿಯಲ್ಲಿ ಇಂದಿಗೂ ಎಲ್ಲರೂ ಒಂದಕ್ಷರ ಬದಲಿಸದೆ ಹೇಳುತ್ತಾರೆ.

“ಎರಡನೇ ಸಲ ಇಲ್ಲ ಅಂದಾಗ್ಲೇ ಅವ್ಳ ದನಿಯಲ್ಲಿ ನಂಗೆ ತಿಳೀತು. ಮೂರನೇ ಸಲ ಕೇಳಿದ್ರೆ ಅವ್ಳು ನಿಜ ಹೇಳ್ತಿದ್ಲು. ಅದ್ಕೇ ನಾ ಕೇಳ್ಲಿಲ್ಲ. ನಂಗೂ ಹಸಿವಿತ್ತು.”

ಜಟ್ಟು ಹೆಂಡತಿಯನ್ನೂ ಅಪ್ಪನನ್ನೂ ನೋಡಿದ. ಆಮೇಲೆ ಬಗ್ಗಿ ಒಂದು ಕಲ್ಲೆತ್ತಿ ಸೀರೆಯ ಮೂಲೆಯ ಮೇಲಿಟ್ಟ. ಹಮ್ಮು ಇನ್ನೊಂದು ಮೂಲೆಗೆ ಇಟ್ಟ. ಬೈಯಲು ಬಂದವರು ಒಬ್ಬೊಬ್ಬರಾಗಿ ಕೈಗೆ ಸಿಕ್ಕ ಕಲ್ಲು ತಂದು ಅಂಚಿನುದ್ದಕ್ಕೂ ಇಟ್ಟು ಕೆಳಗಿಳಿದರು. ಆ ಹಿಂಡು ಹಾಗೆಯೇ ಹೊರಟುಹೋಯಿತು. ತಾಯಿ ಮರಿಯನ್ನು ಬಿಡುವ ತನಕ ಕೇರಿಯವರು ಕಡಲಿಗೆ ಬಲೆ ಹಾಕಲಿಲ್ಲ. ಹೊಳೆಯ ಮೇಲ್ಗಡೆ ನಡೆದುಹೋಗಿ, ಅಳಿಯದೆ ಉಳಿದಿದ್ದ ಬಳಚನ್ನು ಹುಡುಕಿ ತಂದು ಹಂಚಿಕೊಂಡು ತಿಂದರು. ದೇಮಿಯ ಮನೆಗೂ ಪಾಲು ಬಂತು. ಒಂದು ಸಂಜೆ ಮರಿ ಜಾರಿತು, ತಾಯಿ ಮತ್ತೆ ತರಲಿಲ್ಲ. ಮರಿ ಮುಳುಗಿದ ಜಾಗದಲ್ಲೇ ಸ್ವಲ್ಪ ಹೊತ್ತು ಸುತ್ತಿ ಪಡುವಣಕ್ಕೆ ಹೋಯಿತು ಎನ್ನುತ್ತಾರೆ.

ಆ ವರ್ಷ ಅವರಲ್ಲಿ ಯಾರೂ ಹಿಂದಿರುಗಲಿಲ್ಲ. ಬರುವರೆಂದು ನಂಬಿದವರೂ ಕಡಿಮೆ. ಮಾಸ್ತಜ್ಜನನ್ನು ಮಾತ್ರ ಸೊಸೆ ದಿನವೂ ಗುಡ್ಡಕ್ಕೆ ಕರೆದೊಯ್ಯುತ್ತಿದ್ದಳು, ಈಗ ಎಲ್ಲರ ಕಣ್ಣೆದುರೇ. ಮುಂದಿನ ಮಳೆಗಾಲ ಕಳೆದ ಮೇಲೆ ಒಂದು ಬೆಳಗ್ಗೆ ಗಾಳಿಯೇ ಇರಲಿಲ್ಲ, ಕಡಲು ಸದ್ದು ಮಾಡದೆ ಮಲಗಿತ್ತು. ದೇಮಿಗೆ ಏನೂ ಕಂಡಿರಲಿಲ್ಲ. ಮಾಸ್ತಜ್ಜ ಕೈಯೆತ್ತಿ ಅವಳನ್ನು ಸುಮ್ಮನಿರಿಸಿ, “ಬಂದ್ರು,” ಎಂದ. ಅವನಿಗೆ ಉಸಿರಿನ ಸದ್ದು ಕೇಳಿತ್ತು. ಆಮೇಲೆ ಅವಳಿಗೂ ಕಂಡಿತು, ಗುಡ್ಡದ ಬುಡದಲ್ಲೇ ಬೂದು ಬೆನ್ನುಗಳು, ಅವುಗಳ ನಡುವೆ ಒಂದು ಸಣ್ಣ ಬೆನ್ನು. ಹೋದವಳೇ ಬಂದಳೋ, ಬೇರೆಯವಳೋ, ಹೇಳುವವರಾರು? ದೇಮಿ ಅತ್ತಳು. ಮಾವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು, ಒಂದನ್ನೂ ಬಿಡಲಿಲ್ಲ. ಬಂಡೆಯ ಮೇಲಿನ ಸೀರೆಯನ್ನು ಅವಳು ಕೊನೆಗೂ ತೆಗೆಯಲಿಲ್ಲ. ಬಿಸಿಲಿಗೆ ನೂಲು ಹೋಯಿತು, ಮಳೆಗೆ ಕಲ್ಲುಗಳು ಉರುಳಿದವು, ಬಣ್ಣ ಮಾತ್ರ ಬಂಡೆಗೆ ಇಳಿದು ನಿಂತಿತು ಎನ್ನುತ್ತಾರೆ.

ಆ ಕೆಂಪು ಪಟ್ಟೆಯನ್ನೇ ಇಂದು ಬಂದವರು ದೋಣಿಯಿಂದ ನೋಡುವುದು. ಅದರ ಬುಡದ ನೀರಿನಲ್ಲಿ ತಾಯಂದಿರು ಮರಿಗಳನ್ನು ಕರೆತರುವುದನ್ನು ಈಗಲೂ ಕಾಣಬಹುದು, ಇಂಜಿನ್ ಆರಿಸಿ ಕಾಯುವ ತಾಳ್ಮೆಯಿದ್ದರೆ. ದೊಡ್ಡ ಎಳೆಬಲೆಯ ಕಾಲ ಮುಗಿಯಿತು. ಮಳೆಗಾಲ ಕಳೆದ ಮೇಲೆ ವರ್ಷಕ್ಕೊಮ್ಮೆ, ಕಟ್ಟಳೆ ಬಿಡಬಾರದೆಂದು, ನಮ್ಮವರು ಗುಡ್ಡದ ಬುಡದಲ್ಲಿ ಆ ಬಲೆ ಇಳಿಸುತ್ತಾರೆ. ಅಂದು ಗುಡ್ಡದ ಮೇಲೆ ನೋಟಕ್ಕೆ ಹೆಂಗಸೇ ನಿಲ್ಲಬೇಕು. ಎಳೆಯುವ ಮೊದಲು ತಾಂಡೇಲ ದಡದಿಂದ ಗಟ್ಟಿಯಾಗಿ ಮೂರು ಸಲ ಕೇಳುತ್ತಾನೆ, ಒಳಗೆ ಯಾರಾದರೂ ಇದ್ದಾರಾ ಎಂದು. ಮೂರು ಸಲವೂ ಅವಳು ನೋಡಿ ಉತ್ತರ ಕೊಡಬೇಕು. ಮೂರನೆಯ ಉತ್ತರ ಬರುವ ತನಕ ಹಗ್ಗಕ್ಕೆ ಯಾರೂ ಕೈ ಹಚ್ಚುವುದಿಲ್ಲ. ಎರಡು ಸಲ ಇಲ್ಲವೆಂದ ಮೇಲೂ ಕೇಳುವುದೇಕೆ ಎಂದು ನೋಡಲು ಬಂದವರು ಗೊಣಗುತ್ತಾರೆ.

ಕೆಲವು ವರ್ಷಗಳ ಹಿಂದೆ ನಾನೇ ದಡದಲ್ಲಿದ್ದೆ. ಬಲೆಯಲ್ಲಿ ಒಳ್ಳೆಯ ಮೀನಿತ್ತು. ಮೇಲೆ ನಿಂತ ಹುಡುಗಿ ಮೊದಲ ಸಲ ಇಲ್ಲ ಎಂದಳು, ಎರಡನೆಯ ಸಲವೂ ಇಲ್ಲ ಎಂದಳು. ಮೂರನೆಯ ಸಲ ಕೇಳಿದಾಗ ತಡೆದು, ಇದ್ದಾರೆ ಎಂದಳು, ಕೆಂಪು ವಸ್ತ್ರವನ್ನು ಬಂಡೆಯ ಮೇಲೆ ಹಾಸಿದಳು. ತಾಂಡೇಲ ಹಗ್ಗ ಬಿಡಿಸಿದ. ಬಲೆ ತೆರೆಯಿತು, ಮೀನೆಲ್ಲ ಹೋಯಿತು. ಅದರ ಜೊತೆ ಒಂದು ಸಣ್ಣ ಬೂದು ಬೆನ್ನು ಹೊರಗೆ ಹೋಗಿ ತಾಯಿಯನ್ನು ಸೇರಿಕೊಂಡಿತು. ಮೊದಲೆರಡು ಸಲ ಅವಳಿಗೆ ಕಾಣಲಿಲ್ಲವೋ, ಕಂಡೂ ಹೇಳಲಿಲ್ಲವೋ, ನನಗೆ ಗೊತ್ತಿಲ್ಲ. ಅವಳು ಕೆಳಗಿಳಿದು ಬಂದಾಗ ಕೇರಿಯಲ್ಲಿ ಯಾರೂ ಅದನ್ನು ಕೇಳಲಿಲ್ಲ.